ವಕೀಲರ ಹಳೇ ಕಾರಿಗೆ ತಂಪು ಕೂರಿಸಿದ್ದು

ಹುಮನಾಬಾದಿನ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾರಿನ ಏಸಿಗೆ ಗ್ಯಾಸು ಎಷ್ಟು ಹಾಕಬೇಕು, ಎಣ್ಣೆ ಯಾವುದು, ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕು, ಬರೀ ಇವೇ ಪ್ರಶ್ನೆಗಳು. ಅದೆಲ್ಲ ಡಬ್ಬದ ಮೇಲೆ ಬರೆದಿರುತ್ತದೆ ಮಹಾರಾಯರೆ, ಓದಿಕೊಳ್ಳಿ ಎಂದು ಬೈದು, ಚಹಾ ಕುಡಿಸಿ ಕಳಿಸುತ್ತೇನೆ. ಡಬ್ಬದ ಮೇಲೆ ಬರೆಯದ ಸಂಗತಿ ಒಂದಿಷ್ಟಿದೆ. ಅದನ್ನು ಹೇಳಲು ಕೂತರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಮಾತು ಒಂದರ ಮೇಲೊಂದು ಬಿದ್ದು ಬರುತ್ತದೆ. ಅದಕ್ಕೇ ಬರೆದುಬಿಡೋಣವೆಂದುಕೊಂಡೆ. ನಾನು ಯಾವಾಗ ಮೇಸ್ತ್ರಿಯಾದೆ, ಯಾವಾಗ ಶೆಡ್ಡು ನನ್ನ ಹೆಸರಿಗೆ ಬಂತು ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ. ಎಲ್ಲಿ ಮುಗ್ಗರಿಸಿದೆ ಎಂಬುದರಿಂದ ಇದೆ.

ನನ್ನ ಹೆಸರು ತುಳಸಿರಾಮ, ಊರು ದುಬಲಗುಂಡಿ. ನಮ್ಮ ಮನೆಯವರೆಲ್ಲ ಹೊಲದ ಕೂಲಿಗೆ ಹೋಗುವವರು. ನನಗೋ ಎತ್ತಿಗಿಂತ ಬಸ್ಸಿನ ಮೇಲೆ ಪ್ರೀತಿ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಐವತ್ತಾರನೆಯ ಇಸವಿಯಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಹುಮನಾಬಾದಿನ ಮಹೆಬೂಬ್ ಉಸ್ತಾದರ ಶೆಡ್ಡಿಗೆ ಸೇರಿಕೊಂಡೆ. ಉಸ್ತಾದರು ನಿಜಾಮರ ಕಾಲದಲ್ಲಿ ಹೈದರಾಬಾದಿನ ಸಿರಿವಂತರ ಕಾರುಗಳನ್ನು ರಿಪೇರಿ ಮಾಡಿ ಕೈ ಪಳಗಿಸಿಕೊಂಡವರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಾನಾ, ಅಂದರೆ ಸ್ಪ್ಯಾನರ್, ಕೈತಪ್ಪಿ ಬಿದ್ದರೆ ಬೈಗುಳ, ಬೀಳದಿದ್ದರೆ ಯಾಕಿಷ್ಟು ನಿಧಾನ ಎಂದು ಬೈಗುಳ. ಆದರೆ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆಂದರೆ, ಗಾಡಿಯ ರೋಗ ಏನೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು.

ಆಗ ಕಾರಿಗೆ ತಂಪು ಎಂದರೆ ಖಸ್ ಪರದೆ. ಲಾವಂಚದ ಬೇರನ್ನು ಚಾಪೆಯಂತೆ ಹೆಣೆದು ಕಿಟಕಿಗೆ ಕಟ್ಟುವುದು, ಅದರ ಮೇಲೆ ನೀರು ಚಿಮುಕಿಸುವುದು, ಗಾಜು ಇಳಿಸಿ ಗಾಡಿ ಓಡಿಸುವುದು. ನಮ್ಮ ಕಡೆಯದು ಒಣ ಬೇಸಿಗೆ. ಬಿಸಿಗಾಳಿ ಒದ್ದೆ ಬೇರಿನ ಸಂದಿಯಿಂದ ನುಗ್ಗಿದರೆ ಒಳಗೆಲ್ಲ ಘಮಘಮ ತಂಪು. ಉಸ್ತಾದರು ಖಸ್ ಕಟ್ಟುವುದರಲ್ಲಿ ಎತ್ತಿದ ಕೈ. ಇನ್ನೂ ಶೋಕಿ ಇದ್ದವರು ತಗಡಿನ ಪೆಟ್ಟಿಗೆಯಲ್ಲಿ ಬರ್ಫಿನ ಗಡ್ಡೆ ಇಟ್ಟು, ಅದರ ಹಿಂದೆ ಸಣ್ಣ ಫ್ಯಾನು ಕೂರಿಸಿಕೊಳ್ಳುತ್ತಿದ್ದರು. ಹುಮನಾಬಾದಿನಲ್ಲಿ ತುಂಬಿದ ಬರ್ಫು ಬಸವಕಲ್ಯಾಣ ಮುಟ್ಟುವಷ್ಟರಲ್ಲಿ ನೀರಾಗಿ ಸಾಹುಕಾರರ ಪಾದ ತೊಳೆದಿರುತ್ತಿತ್ತು.

ಗ್ಯಾಸಿನ ತಂಪನ್ನು ನಾನು ಮೊದಲು ಕಂಡಿದ್ದು ಒಂದು ಏಪ್ರಿಲ್ ಮಧ್ಯಾಹ್ನ. ಪುಣೆಯ ಕಡೆಯಿಂದ ಹೈದರಾಬಾದಿಗೆ ಹೊರಟಿದ್ದ ಭಾರೀ ಕಾರೊಂದು ಫ್ಯಾನ್ ಬೆಲ್ಟು ಸಡಿಲವಾಗಿ ನಮ್ಮ ಶೆಡ್ಡಿನ ಮುಂದೆ ನಿಂತಿತು. ಬೆಲ್ಟು ಬಿಗಿ ಮಾಡಿ, ಎಂಜಿನ್ ಚಾಲು ಮಾಡಲು ಒಳಗೆ ಕೂತೆ ನೋಡಿ, ಎಲಾ ಇದರ! ಕತ್ತಿನ ಹಿಂದೆ ಯಾರೋ ತಣ್ಣೀರು ಬಟ್ಟೆ ಇಟ್ಟಂತಾಯಿತು. ಹೊರಗೆ ಡಾಂಬರು ಕರಗುತ್ತಿದೆ, ಒಳಗೆ ಮಾಘ ಮಾಸ. ಇನ್ನೇನೋ ಸದ್ದು ಬರುತ್ತಿದೆಯೆಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡು ಅರ್ಧ ತಾಸು ಕೂತೆ. ಕೊನೆಗೆ ಉಸ್ತಾದರೇ ಬಂದು ಕಾಲರ್ ಹಿಡಿದೆಳೆದರು.

"ಮಿಯಾ, ಗಾಡಿ ರಿಪೇರಿ ಮಾಡಾಕತ್ತೀಯೋ, ಬೀಗರ ಮನಿಗಿ ಬಂದು ಕುಂತೀಯೋ?" ಎಂದರು.

ಅವತ್ತೇ ತಲೆಗೆ ಹುಚ್ಚು ಹತ್ತಿತು. ಉಸ್ತಾದರನ್ನು ಕಾಡಿ ಬೇಡಿ, ಹೈದರಾಬಾದಿನಲ್ಲಿ ಅವರ ಪರಿಚಯದವರ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲವು ತಿಂಗಳು ಇದ್ದು ಬಂದೆ. ಗ್ಯಾಸು ತುಂಬಿದ ಪೈಪಿನ ನಟ್ಟನ್ನು ಹಾಗೇ ಬಿಚ್ಚಬಾರದೆಂದು ಅಲ್ಲಿ ಹೇಳಿದ್ದರು. ಹೇಳಿದ್ದನ್ನು ಕೇಳಿದರೆ ನಾನು ತುಳಸಿರಾಮ ಹೇಗಾದೇನು? ಬಿಚ್ಚಿದೆ. ಬುಸ್ಸೆಂದು ಚಿಮ್ಮಿದ ಗ್ಯಾಸು ಬಲಗೈಯ ಎರಡು ಬೆರಳನ್ನು ಸುಣ್ಣದಂತೆ ಬೆಳ್ಳಗೆ ಮಾಡಿತು. ತಂಪು ಕೂಡ ಸುಡುತ್ತದೆ ಎಂದು ಅವತ್ತು ಗೊತ್ತಾಯಿತು. ಸೋರಿಕೆ ಹುಡುಕಲು ಅವರ ಬಳಿ ಒಂದು ದೀಪವಿತ್ತು. ಅದರ ರಬ್ಬರ್ ಕೊಳವೆಯನ್ನು ಪೈಪಿನ ಗುಂಟ ಆಡಿಸಿದರೆ, ಗ್ಯಾಸು ಸೋರುವ ಜಾಗ ಬಂದೊಡನೆ ನೀಲಿ ಜ್ವಾಲೆ ಹಸಿರಾಗುತ್ತಿತ್ತು. ಮೊದಲ ಸಲ ಹಸಿರಾದಾಗ ನಾನು ಹೋ ಎಂದು ಕೂಗಿದ್ದಕ್ಕೆ ಬೀದಿಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದಿದ್ದರು.

ಈ ಹುಚ್ಚಿಗೆ ತಕ್ಕ ಕೆಲಸ ಸಿಕ್ಕಿದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಉಸ್ತಾದರಿಗೆ ವಯಸ್ಸಾಗಿ, ಶೆಡ್ಡಿನ ಮೂಲೆಯ ಮಂಚದ ಮೇಲೆ ಕೂತು ಬೈಯುವುದನ್ನಷ್ಟೇ ತಮ್ಮ ಪಾಲಿಗೆ ಇಟ್ಟುಕೊಂಡಿದ್ದರು. ಕೆಲಸವೆಲ್ಲ ನನ್ನದು. ಬಸವಕಲ್ಯಾಣದ ವಕೀಲ ಗುರುಲಿಂಗಪ್ಪನವರು ಶಿವರಾತ್ರಿಯ ಹೊತ್ತಿಗೆ ತಮ್ಮ ಹಳೇ ಅಮೆರಿಕನ್ ಕಾರನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಅವರ ತಂದೆ ಹೈದರಾಬಾದಿನ ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಾದಾಗ ಹಿಡಿದು ತಂದ ಗಾಡಿ. ಅದರಲ್ಲಿ ಗ್ಯಾಸಿನ ಏಸಿ ಇತ್ತು, ಕೆಟ್ಟು ಎಷ್ಟೋ ವರ್ಷವಾಗಿತ್ತು. ಇದನ್ನು ಏಪ್ರಿಲ್ ಬರುವುದರೊಳಗೆ ಸರಿ ಮಾಡಬೇಕು ಎಂದರು. ಶೋಕಿಗೆಂದು ತಿಳಿದು ನಾನು ನಕ್ಕೆ. ವಕೀಲರು ನಗಲಿಲ್ಲ.

"ನನ್ನ ಮಗಳಿಗಿ ಬೆವರು ಬರಂಗಿಲ್ಲ, ತುಳಸಿರಾಮ," ಎಂದರು.

ಅವರ ಮಗಳು ಸುಶೀಲಾಗೆ ಆಗ ಹದಿನೇಳು. ಹುಟ್ಟಿನಿಂದಲೇ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ ಎಂದು ಹೈದರಾಬಾದಿನ ವೈದ್ಯರು ಹೇಳಿದ್ದರಂತೆ. ನಮಗೆ ಬಿಸಿಲು ಬಡಿದರೆ ಬೆವರು ಬಂದು ಮೈ ಆರುತ್ತದೆ. ಅವಳಿಗೆ ಹಾಗಲ್ಲ, ಒಳಗಿನ ಕಾವು ಒಳಗೇ ಏರುತ್ತದೆ. ಅರ್ಧ ತಾಸು ಬಿಸಿಲಲ್ಲಿದ್ದರೆ ಮುಖ ಕೆಂಪೇರಿ, ಎಚ್ಚರ ತಪ್ಪಿ, ಜೀವಕ್ಕೇ ಕುತ್ತು. ಆದ್ದರಿಂದ ಮಾರ್ಚ್ ಬಂತೆಂದರೆ ವಕೀಲರ ಹಳೇ ಮನೆಯ ನೆಲಮಾಳಿಗೆಗೆ, ನಮ್ಮ ಕಡೆ ತಹಖಾನೆ ಎನ್ನುತ್ತೇವಲ್ಲ ಅಲ್ಲಿಗೆ, ಅವಳನ್ನು ಇಳಿಸುತ್ತಿದ್ದರು. ಮಳೆ ಬಿದ್ದ ನಂತರವೇ ಮೇಲೆ ಬರುವುದು. ಶಾಲೆ ಅದರಿಂದಲೇ ಬಿಟ್ಟುಹೋಗಿತ್ತು. ಆದರೆ ಹುಡುಗಿ ಆ ತಹಖಾನೆಯಲ್ಲಿ ದೀಪ ಹಚ್ಚಿಕೊಂಡು ಓದಿ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಖಾಸಗಿಯವರಿಗೆ ಆ ವರ್ಷ ಸೆಂಟರು ಹುಮನಾಬಾದಿನಲ್ಲಿ. ಪರೀಕ್ಷೆ ಏಪ್ರಿಲ್‌ನಲ್ಲಿ. ಪೇಪರು ಮುಗಿಯುವುದು ಮಧ್ಯಾಹ್ನ ಒಂದಕ್ಕೆ. ಬೆಳಿಗ್ಗೆ ಹೊತ್ತೇರುವ ಮುಂಚೆ ಹೇಗೋ ಬರಬಹುದು, ಒಂದು ಗಂಟೆಯ ಬಿಸಿಲಲ್ಲಿ ಬಸವಕಲ್ಯಾಣಕ್ಕೆ ವಾಪಸು ಹೋಗುವುದು ಹೇಗೆ? ಪರೀಕ್ಷೆ ಮುಗಿಯುವವರೆಗೆ ಹುಮನಾಬಾದಿನಲ್ಲಿ ಉಳಿಸೋಣವೆಂದರೆ ಇಲ್ಲಿ ಅವರಿಗೆ ತಹಖಾನೆ ಇರುವ ಮನೆ ಯಾವುದೂ ಗೊತ್ತಿಲ್ಲ.

ನಾನು ಬಾನೆಟ್ ಎತ್ತಿದೆ. ಎತ್ತಿದ್ದೇ ತಡ, ಉಳಿದದ್ದೆಲ್ಲ ಮರೆತೆ. ಎಂಥಾ ಸಾಮಾನು ರೀ ಅದು! ಕಂಪ್ರೆಸರ್ ಒಂದು ಹೊರೆ ಕಟ್ಟಿಗೆಯಷ್ಟು ಭಾರ. ಅದಕ್ಕೆ ಬಂದ್ ಮಾಡುವ ವ್ಯವಸ್ಥೆಯೇ ಇಲ್ಲ. ಎಂಜಿನ್ ತಿರುಗಿದರೆ ಅದೂ ತಿರುಗಬೇಕು, ಚಳಿಗಾಲ ಬಂದರೆ ಬೆಲ್ಟನ್ನೇ ಬಿಚ್ಚಿಡಬೇಕು. ತಂಪಿನ ಕಾಯಿಲು, ಅಂದರೆ ಗಾಳಿಯನ್ನು ತಣ್ಣಗೆ ಮಾಡುವ ತಾಮ್ರದ ಕೊಳವೆಯ ಸುರುಳಿ, ಇರುವುದು ಹಿಂದಿನ ಡಿಕ್ಕಿಯಲ್ಲಿ. ಅಲ್ಲಿಂದ ಗಾಜಿನಂಥ ಎರಡು ಕೊಳವೆ ಹಿಂದಿನ ಸೀಟಿನ ಬೆನ್ನಿಗೆ ಏರಿ, ಚಾವಣಿಯಿಂದ ತಲೆಯ ಮೇಲೆ ಗಾಳಿ ಬಿಡುತ್ತವೆ. ಉಸ್ತಾದರು ಮಂಚದಿಂದ ಎದ್ದು ಬಂದು ಡಿಕ್ಕಿಯ ಕಾಯಿಲನ್ನು ಮುಟ್ಟಿ, ತಾಮ್ರ ಗಟ್ಟಿ ಇದೆ, ಇದನ್ನು ಉಳಿಸಿಕೋ, ಮುಂದಿನದೆಲ್ಲ ಹೊಸದು ಹಾಕು ಎಂದರು. ಆಯಿತು, ಹಾಗೇ ಮಾಡುವುದೆಂದು ನಿರ್ಧಾರವಾಯಿತು.

ಅದೊಂದು ತಿಂಗಳು ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಹಳೇ ಕಂಪ್ರೆಸರನ್ನು ಗೋಣಿಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿಗೆ ಹೋದೆ. ಅದರ ಅರ್ಧ ತೂಕದ ಹೊಸ ಕಂಪ್ರೆಸರ್ ತಂದೆ. ಇದರ ಮೂತಿಯಲ್ಲಿ ಮ್ಯಾಗ್ನೆಟ್ ಕ್ಲಚ್ಚು, ಕರೆಂಟು ಕೊಟ್ಟರೆ ಟಕ್ಕೆಂದು ಹಿಡಿಯುತ್ತದೆ, ಬಿಟ್ಟರೆ ಟಕ್ಕೆಂದು ಬಿಡುತ್ತದೆ. ಆ ಟಕ್ ಟಕ್ ಕೇಳಲೆಂದೇ ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟು ನೂರು ಸಲ ಆಡಿಸಿದ್ದೇನೆ. ಕೂರಿಸಲು ಹಲಗೆ ಬೇಕಲ್ಲ, ನೇಗಿಲ ಕುಳ ಬಡಿಯುವ ಕಮ್ಮಾರರಿಂದ ದಪ್ಪ ಪಟ್ಟಿ ಬಡಿಸಿದೆ. ಹಳೇ ಡೈನಮೋಗೆ ಇಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ, ಅದನ್ನು ತೆಗೆದು ಲಾರಿಯ ಆಲ್ಟರ್ನೇಟರ್ ಹಾಕಿದೆ. ರೇಡಿಯೇಟರಿನ ಮುಂದೆ ಹೊಸ ಕಂಡೆನ್ಸರ್, ಹೊಸ ರಬ್ಬರ್ ಪೈಪು. ಕೊನೆಗೆ ಒಳಗಿನ ಗಾಳಿ, ಪಸೆ ಎಲ್ಲ ಎಳೆದು ತೆಗೆಯಲು ಹಳೇ ಫ್ರಿಜ್ಜಿನ ಕಂಪ್ರೆಸರನ್ನೇ ಉಲ್ಟಾ ಜೋಡಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಿಸಿದೆ. ಗ್ಯಾಸು ಬಿಟ್ಟೆ. ಕ್ಲಚ್ಚು ಟಕ್ಕೆಂದಿತು. ಚಾವಣಿಯಿಂದ ಗಾಳಿ ಇಳಿಯಿತು. ಉಸ್ತಾದರು ಹಿಂದಿನ ಸೀಟಿನಲ್ಲಿ ಟೋಪಿ ತೆಗೆದು ಬೋಳು ತಲೆ ಒಡ್ಡಿ ಕೂತರು. ಇಪ್ಪತ್ತು ವರ್ಷದ ಬೈಗುಳಕ್ಕೆ ಅವತ್ತು ರಜೆ.

ಆದರೆ ಕೆಳಗಿಳಿದವರೇ ಮೇಜಿನ ಮೇಲೆ ಕಣ್ಣಾಡಿಸಿದರು. ಅವರದೊಂದು ಕಾಯಿದೆ ಇತ್ತು: ಗಾಡಿ ಬಿಚ್ಚಿ ಕೂಡಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದರೂ ಗಾಡಿ ಶೆಡ್ಡು ಬಿಡಬಾರದು. ಅವತ್ತು ಒಂದು ಪುಟ್ಟ ಡಬ್ಬ ಉಳಿದಿತ್ತು. ಅದು ಥರ್ಮೋಸ್ಟಾಟ್. ಡಿಕ್ಕಿಯ ಕಾಯಿಲು ಅತಿಯಾಗಿ ತಣ್ಣಗಾದರೆ ಕ್ಲಚ್ಚಿನ ಕರೆಂಟು ತಪ್ಪಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೊಡುವ ಸ್ವಿಚ್ಚು.

"ಇದ್ಯಾಕ ಉಳೀತು?" ಎಂದರು ಉಸ್ತಾದರು.

"ಅದು ತಂಪು ಕಡಿಮಿ ಮಾಡೋ ಸಾಮಾನ್ರಿ. ಆ ಹುಡುಗಿಗಿ ತಂಪು ಒಂದು ಕ್ಷಣಾನೂ ನಿಲ್ಲಬಾರ್ದು. ಸೀದಾ ಕನೆಕ್ಷನ್ ಕೊಟ್ಟೀನಿ."

"ಮಾಡಿ ಕಳಿಸಿದಾಂವ ಹುಚ್ಚನೇನು?" ಎಂದು ಕೇಳಿ ಅವರು ನನ್ನನ್ನೇ ನೋಡಿದರು. ನಾನು ಡಬ್ಬವನ್ನು ಡ್ರಾಯರಿಗೆ ಎಸೆದು ಬೀಗ ಹಾಕಿದೆ. ಗೆದ್ದ ಅಮಲಿನಲ್ಲಿದ್ದೆ, ಮುದುಕರಿಗೆ ಹೊಸದು ತಿಳಿಯುವುದಿಲ್ಲ ಎಂದುಕೊಂಡೆ. ಹೊಸದಾಗಿ ಕೆಲಸಕ್ಕೆ ಬರುವವರೆ, ಇದನ್ನು ಓದುವಾಗ ನನ್ನನ್ನು ಮನಸಾರೆ ಬೈಯಿರಿ, ನನಗೆ ಬೇಸರವಿಲ್ಲ.

ಮೊದಲ ಪೇಪರಿನ ದಿನ ವಕೀಲರೇ ಗಾಡಿ ಓಡಿಸಿದರು. ಏನಾದರೂ ಬೇಕಾದೀತೆಂದು ನಾನು ಪಾನಾ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ಕೂತೆ. ಹಿಂದೆ ಸುಶೀಲಾ ಮತ್ತು ವಕೀಲರ ತಾಯಿ ನೀಲಮ್ಮನವರು. ಸುಶೀಲಾಳನ್ನು ಅವತ್ತೇ ನಾನು ಹತ್ತಿರದಿಂದ ನೋಡಿದ್ದು. ತೆಳ್ಳಗಿನ ಕೂದಲು, ಸಣ್ಣ ಮುಖ, ಪುಸ್ತಕದಿಂದ ತಲೆ ಎತ್ತದ ಹುಡುಗಿ. ನಮಸ್ಕಾರ ಮಾಡಿ, ನೀವೇನ್ರಿ ಇದನ್ನ ಮಾಡಿದವ್ರು ಎಂದಳು. ನನ್ನ ಎದೆ ಅಂಗೈ ಅಗಲ ಉಬ್ಬಿತು. ಬೆಳಗಿನ ಪ್ರಯಾಣ ಹೂವು ಎತ್ತಿದಷ್ಟು ಹಗುರ. ಪರೀಕ್ಷೆಯ ಕೋಣೆಯಲ್ಲಿ ಒದ್ದೆ ಟವಲ್ಲು ಹೊದ್ದು, ನೀರಿನ ಕೊಡದ ಪಕ್ಕ ಕೂರಲು ಅಲ್ಲಿಯ ಹೆಡ್‌ಮಾಸ್ತರರು ಒಪ್ಪಿದ್ದರು.

ಒಂದು ಗಂಟೆಗೆ ಹೊರಬಂದಾಗ ಹುಡುಗಿಯ ಮುಖ ಆಗಲೇ ಕೆಂಪಾಗಿತ್ತು. ಗಾಡಿಯನ್ನು ಮೊದಲೇ ತಣ್ಣಗೆ ಮಾಡಿಟ್ಟಿದ್ದೆವು, ಕೂರಿಸಿಕೊಂಡು ಹೊರಟೆವು. ಈಗ ನೀಲಮ್ಮನವರು ಶುರು ಮಾಡಿದರು. ಗಾಜಿನ ಒಳಮಗ್ಗುಲಿಗೆ ಎರಡೂ ಕಡೆ ಖಸ್ ಪರದೆ ಇಳಿಬಿಟ್ಟು, ತಂಬಿಗೆಯಿಂದ ನೀರು ಚಿಮುಕಿಸಿದರು. ಮೊಮ್ಮಗಳ ಹೆಗಲಿಗೆ ಒದ್ದೆ ಸೀರೆ ಹೊದಿಸಿದರು. ಮೈಲಿಗೊಮ್ಮೆ ಮತ್ತೆ ನೀರು. ನಾನು ಹಿಂದೆ ತಿರುಗಿ ನೋಡಿದೆ. ನೋಡಿಯೂ ತಡೆಯಲಿಲ್ಲ. ಖಸ್ ಕಟ್ಟುತ್ತಲೇ ಬೆಳೆದವನು ನಾನು, ಅದರ ಘಮಕ್ಕೆ ನನಗೇ ಹಿತವಾಗಿತ್ತು. ಏಸಿಯ ತಂಪಿನ ಮೇಲೆ ಇದೊಂದು ತಂಪು, ಇರಲಿ ಬಿಡು ಅನಿಸಿತು.

ನಡುದಾರಿಯ ರಾಜೇಶ್ವರ ಊರು ಇನ್ನೂ ಮುಂದಿರುವಾಗಲೇ ಸುಶೀಲಾ ಸಣ್ಣ ದನಿಯಲ್ಲಿ, ಗಾಳಿ ಕಡಿಮೆಯಾಗುತ್ತಿದೆ ಎಂದಳು. ಚಾವಣಿಗೆ ಕೈ ಒಡ್ಡಿದೆ, ಹೌದು. ಗ್ಯಾಸು ಸೋರಿತೆಂದೇ ತಿಳಿದೆ. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಜೊತೆಗೆ ತಂದಿದ್ದ ಡಬ್ಬದಿಂದ ಇನ್ನಷ್ಟು ಗ್ಯಾಸು ತುಂಬಿದೆ. ಅದರಲ್ಲೇ ಹತ್ತು ನಿಮಿಷ ಕಳೆಯಿತು. ಗಾಡಿ ಹೊರಟರೆ ಗಾಳಿ ಬರುವುದು ಪೂರ್ತಿ ನಿಂತೇಹೋಯಿತು. ಮುಚ್ಚಿದ ಗಾಜು, ಒಳಗೆ ಒದ್ದೆಯ ಹಬೆ, ಉಸಿರಾಡಲಾಗದು. ಸುಶೀಲಾಳ ಕಣ್ಣು ಮೇಲಾಗುತ್ತಿತ್ತು. ನೀಲಮ್ಮನವರು ಅವಳ ಕೆನ್ನೆ ಮುಟ್ಟಿ ಕೈ ಹಿಂದೆಳೆದುಕೊಂಡರು.

ದೇವರು ದೊಡ್ಡವನು, ರಸ್ತೆ ಬದಿಯ ಕಬ್ಬಿನ ಹೊಲದಲ್ಲಿ ಪಂಪ್‌ಸೆಟ್ಟು ಓಡುತ್ತಿತ್ತು. ವಕೀಲರು ಕರೀ ಕೋಟಿನಲ್ಲೇ ಮಗಳನ್ನು ಎತ್ತಿಕೊಂಡು ಬದುವಿನ ಮೇಲೆ ಓಡಿದರು. ಕೈಯಷ್ಟು ದಪ್ಪ ಬೀಳುವ ನೀರಿನ ಕೆಳಗೆ ಅವಳನ್ನು ಹಿಡಿದು, ತಾವೂ ನೆನೆಯುತ್ತ ನಿಂತರು. ನಾನು ಬದುವಿನ ಮೇಲೆ ಕುಸಿದು ಕೂತೆ. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ತೆರೆದು ಅಪ್ಪನ ಕೋಟು ನೋಡಿ, ಎಲ್ಲಾ ತೋಯಿಸಿಕೊಂಡ್ಯಲ್ಲಪ್ಪಾ ಎಂದಳು. ಆಗ ನನಗೆ ಅಳುವೇ ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಸುಧಾರಿಸಿಕೊಂಡವಳು ನನ್ನ ಕಡೆ ತಿರುಗಿದಳು.

"ನೀವು ಗ್ಯಾಸು ಯಾಕ ಹಾಕಿದ್ರಿ? ಗಾಳಿ ಬಿಸಿ ಆಗಿದ್ದಿಲ್ರಿ. ಕಡೀತನಕಾ ತಣ್ಣಗೇ ಇತ್ತು, ಬರೋದು ಸಣ್ಣ ಆತು. ಹಾದೀಗಿ ಏನೋ ಅಡ್ಡ ನಿಂತದ."

ಇಪ್ಪತ್ತು ವರ್ಷ ಗಾಡಿಯ ಹೊಟ್ಟೆಯಲ್ಲೇ ಬದುಕಿದ ನನಗೆ ಇದು ಹೊಳೆಯಲಿಲ್ಲ. ಗ್ಯಾಸು ಹೋದರೆ ಗಾಳಿ ಜೋರಾಗೇ ಬರುತ್ತದೆ, ಬಿಸಿ ಬರುತ್ತದೆ. ಇದು ತಣ್ಣಗಿದ್ದು ಕಡಿಮೆಯಾಗಿದೆ. ಕೂತವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಓಡಿಹೋಗಿ ಡಿಕ್ಕಿ ತೆರೆದು ಕಾಯಿಲಿನ ಮುಚ್ಚಳ ಬಿಚ್ಚಿದೆ. ಅಬ್ಬಬ್ಬಾ! ಏಪ್ರಿಲ್ ಬಿಸಿಲಲ್ಲಿ, ನಡು ಹೆದ್ದಾರಿಯಲ್ಲಿ, ಡಿಕ್ಕಿಯ ತುಂಬ ಹಾಲಿನಂಥ ಮಂಜುಗಡ್ಡೆ. ಕಾಯಿಲಿನ ಒಂದು ಸಂದಿಯೂ ಕಾಣದಂತೆ ಕಟ್ಟಿಕೊಂಡಿತ್ತು. ಹೊಲದವರು ಬಂದು ಮುಟ್ಟಿ ಮುಟ್ಟಿ ನೋಡಿದರು. ಖಸ್ ಪರದೆಯ ನೀರು, ಒದ್ದೆ ಸೀರೆಯ ನೀರು ಹಬೆಯಾಗಿ ಕಾಯಿಲಿಗೆ ಹೋಗಿ, ಅಲ್ಲಿ ಬರ್ಫಾಗಿ ಗಾಳಿಯ ದಾರಿ ಮುಚ್ಚಿತ್ತು. ಖಸ್‌ಗೆ ಕಿಟಕಿ ತೆರೆದಿರಬೇಕು, ಏಸಿಗೆ ಮುಚ್ಚಿರಬೇಕು. ಎರಡನ್ನೂ ಕೂಡಿಸಿ ಎರಡನ್ನೂ ಕೆಡಿಸಿದ್ದೆವು. ಅದೂ ಹೋಗಲಿ. ಕಾಯಿಲು ಮಂಜುಗಟ್ಟುವ ಮೊದಲೇ ಕ್ಲಚ್ಚನ್ನು ಬಿಡಿಸಲೆಂದೇ ಒಂದು ಸಾಮಾನು ಮಾಡಿ ಕಳಿಸಿದ್ದರಲ್ಲ, ಅದು ನನ್ನ ಡ್ರಾಯರಿನಲ್ಲಿ ಬೀಗದೊಳಗೆ ಕೂತಿತ್ತು.

ನೀಲಮ್ಮನವರು, ನನ್ನ ಕೈಯ್ಯಾರೆ ನನ್ನ ಕೂಸಿನ ಉಸಿರು ಕಟ್ಟಿಸಿದೆನಲ್ಲ ಎಂದು ಹಣೆ ಬಡಿದುಕೊಳ್ಳತೊಡಗಿದರು. ಸುಮ್ಮನಿದ್ದರೆ ತಪ್ಪೆಲ್ಲ ಆ ಮುದುಕಿಯ ತಲೆಗೆ ಹೋಗುತ್ತಿತ್ತು. ಒಂದು ಕ್ಷಣ ಸುಮ್ಮನಿರೋಣ ಅನಿಸಿದ್ದೂ ನಿಜ. ಆಮೇಲೆ ವಕೀಲರ ಮುಂದೆ ನಿಂತು ಡ್ರಾಯರಿನ ಸಂಗತಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರೀಕ್ಷೆ ಸಾಕು, ಮುಂದಿನ ವರ್ಷ ನೋಡೋಣ ಎಂದಷ್ಟೇ ಹೇಳಿ ಕೋಟು ಹಿಂಡಿದರು.

"ಮುಂದಿನ ವರ್ಷನೂ ಬ್ಯಾಸಗೀನೇ ಬರ್ತದಪ್ಪಾ," ಎಂದಳು ಸುಶೀಲಾ.

ಬರ್ಫು ಕರಗಿಸಿ, ಹೆಚ್ಚಿನ ಗ್ಯಾಸು ಹೊರಗೆ ಬಿಟ್ಟು, ಒದ್ದೆ ಪರದೆಗಳನ್ನು ಹೊಲದಲ್ಲೇ ಬಿಸಾಡಿ, ನೆತ್ತಿಯ ಬಿಸಿಲು ಇಳಿದ ಮೇಲೆ ಅವಳನ್ನು ಮನೆ ಮುಟ್ಟಿಸಿದೆವು. ಎರಡನೆಯ ಪೇಪರಿಗೆ ನಡುವೆ ಒಂದು ದಿನ ಬಿಡುವಿತ್ತು. ನಾಳೆ ಮಧ್ಯಾಹ್ನ ಗಾಡಿ ತರುತ್ತೇನೆ, ನೀವೇ ಕೂತು ನೋಡಿ, ಆಮೇಲೆ ಬೇಡವೆಂದರೆ ಬೇಡ ಎಂದು ವಕೀಲರ ಕೈ ಹಿಡಿದು ಬೇಡಿಕೊಂಡು ಗಾಡಿ ಒಯ್ದೆ.

ಶೆಡ್ಡಿಗೆ ಬಂದು ಉಸ್ತಾದರಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದೇ ತಿಳಿದಿದ್ದೆ. ಅವರು ಎದ್ದು ಬಂದು, ಡ್ರಾಯರಿನ ಬೀಗ ತೆಗೆಸಿ, ಡಬ್ಬವನ್ನು ತಮ್ಮ ಕೈಯಿಂದಲೇ ನನ್ನ ಕೈಯಲ್ಲಿಟ್ಟರು. ನಾನು ಅದರ ಕೂದಲಿನಂಥ ಕೊಳವೆಯನ್ನು ಬರ್ಫಿನ ನೀರಿನಲ್ಲಿ ಅದ್ದಿ ಅದ್ದಿ, ಮಂಜುಗಟ್ಟುವ ಮೊದಲೇ ಕ್ಲಚ್ಚು ಬಿಡುವಂತೆ ಸ್ಕ್ರೂ ತಿರುಗಿಸಿ, ಕಾಯಿಲಿನ ನಡುವೆ ತೂರಿಸಿ ಕೂಡಿಸಿದೆ. ಉಸ್ತಾದರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಪಾನಾ ಎತ್ತಿ ಕೊಡುತ್ತಿದ್ದರು. ಅವರು ನನಗೆ ಪಾನಾ ಎತ್ತಿ ಕೊಟ್ಟದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಒಂದಕ್ಕೆ ವಕೀಲರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಕೋರ್ಟಿಗೆ ಹೋಗುವ ಪೂರ್ತಿ ವೇಷ, ಕರೀ ಕೋಟು, ಕೊರಳಿಗೆ ಬಿಳೀ ಪಟ್ಟಿ. ಎದುರು ಪಾರ್ಟಿಯ ಸಾಕ್ಷಿಯನ್ನು ನೋಡುವ ಹಾಗೆ ನನ್ನ ಬೆನ್ನನ್ನೇ ನೋಡುತ್ತ ಕೂತರು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋದೆ, ಅಲ್ಲಿ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ತಿರುಗಿ ಬಂದೆ. ಟಕ್, ಹಿಡಿಯಿತು. ಟಕ್, ಬಿಟ್ಟಿತು. ನನ್ನ ಕಿವಿಗೆ ಅದಕ್ಕಿಂತ ಇಂಪಾದದ್ದು ಯಾವುದೂ ಇರಲಿಲ್ಲ. ರಾಜೇಶ್ವರ ದಾಟುವಾಗ ವಕೀಲರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ತಿರುವುಗಳಿಲ್ಲದ ಆ ನೇರ ರಸ್ತೆಯಲ್ಲಿ ಸ್ವಲ್ಪ ಹೊತ್ತಿಗೆ ಶಾಲು ಇದೆಯೇ ಎಂದು ಕೇಳಿದರು. ನಾನು ಸ್ಟಿಯರಿಂಗ್ ಬಡಿದು ನಕ್ಕೆ. ಅವರೂ ನಕ್ಕರು.

ಉಳಿದ ಪೇಪರುಗಳಿಗೆಲ್ಲ ಸುಶೀಲಾ ಹೋದಳು. ನೀಲಮ್ಮನವರು ಬಿಸಿಲು ತಡೆಯಲು ಗಾಜಿಗೆ ದಪ್ಪ ಒಣ ಪರದೆ ಕಟ್ಟಿ, ತಂಬಿಗೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ನಾನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ಗಾಳಿ ಹೇಗಿದೆ ಎಂದು ಅವಳನ್ನೇ ಕೇಳುತ್ತಿದ್ದೆ. ಜೋರದ, ತಣ್ಣಗದ ಎಂದು ಪುಸ್ತಕದಿಂದ ಕಣ್ಣೆತ್ತದೆ ವರದಿ ಒಪ್ಪಿಸುತ್ತಿದ್ದಳು. ಆಮೇಲೆ ಎಷ್ಟೋ ಗಾಡಿಗಳಿಗೆ ಏಸಿ ಕೂರಿಸಿದೆ, ಹಿಂದೆ ಕೂತವರನ್ನು ಕೇಳದೆ ಒಂದಕ್ಕೂ ಗೇಜು ಹಚ್ಚಲಿಲ್ಲ. ಹುಡುಗಿ ಪಾಸಾದಳು. ಇದನ್ನು ಕೊನೆಗೆ ಹೇಳಬೇಕೆಂದಿದ್ದೆ, ತಡೆದುಕೊಳ್ಳಲು ಆಗುತ್ತಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು! ಆದರೆ ನಾನು ಹೇಳಬೇಕಾದದ್ದು ಫಲಿತಾಂಶದ ಮಾತಲ್ಲ, ಕೊನೆಯ ಪೇಪರಿನ ದಿನದ ಮಾತು.

ಅವತ್ತು ಒಂದು ಗಂಟೆಗೆ ಹೊರಟು, ಬಸವಕಲ್ಯಾಣದ ಹತ್ತಿರ ಬಂದಾಗ ಸುಶೀಲಾ ಮೊದಲ ಸಲ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು.

"ಅಪ್ಪಾ, ಸೀದಾ ಮನಿಗಿ ಬ್ಯಾಡ. ನಾರಾಯಣಪುರದ ಕಡಿ ಹೋಗಮು," ಎಂದಳು.

ವಕೀಲರು ನನ್ನ ಮುಖ ನೋಡಿದರು. ನಾನು ಚಾವಣಿಗೆ ಕೈ ಒಡ್ಡಿ, ಎಂಜಿನ್ನಿನ ಕಾವು ನೋಡಿ, ಹೋಗಬಹುದು ಎಂದೆ. ಊರು ಬಳಸಿ ನಾರಾಯಣಪುರದ ರಸ್ತೆ ಹಿಡಿದೆವು. ಸುಶೀಲಾ ಅಜ್ಜಿ ಕಟ್ಟಿದ ಪರದೆಯನ್ನು ಪೂರ್ತಿ ಸರಿಸಿದಳು. ಬೇಡ ಕೂಸೇ ಎಂದು ನೀಲಮ್ಮನವರು ಕೈ ಚಾಚಿದರು, ಆಮೇಲೆ ತಾವೇ ಕೈ ಹಿಂದಕ್ಕೆ ತೆಗೆದುಕೊಂಡರು. ಹೊಲಗಳೆಲ್ಲ ಕಟಾವಾಗಿ ಖಾಲಿ ಬಿದ್ದಿದ್ದವು. ಬೇವಿನ ಮರದ ಕೆಳಗೆ ಎಮ್ಮೆಗಳು ಒತ್ತೊತ್ತಾಗಿ ನಿಂತಿದ್ದವು. ತಲೆಯ ಮೇಲೆ ಟವಲ್ಲು ಹಾಕಿಕೊಂಡ ಒಬ್ಬ ಸೈಕಲ್ಲು ತುಳಿಯುತ್ತ ಎದುರು ಬಂದ. ನಾನು ಹುಟ್ಟಿದಾಗಿನಿಂದ ಶಾಪ ಹಾಕುತ್ತ ಬಂದ ಬಿಸಿಲು ಅದು, ನೋಡುವುದೇನಿದೆ ಅದರಲ್ಲಿ ಅಂದುಕೊಂಡೆ. ಅವಳು ಗಾಜಿಗೆ ಹಣೆ ಹಚ್ಚಿ ಕೂತಿದ್ದಳು.

ಮುಂದೆ ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು, ನೀರು ನಿಂತ ಹಾಗೆ. ಗಾಡಿ ಹತ್ತಿರ ಹೋದಷ್ಟೂ ದೂರ ಸರಿಯುತ್ತಿತ್ತು. ಸುಶೀಲಾ ಮುಂದಿನ ಸೀಟಿನ ಮೇಲೆ ಬಾಗಿ ಬೆರಳು ತೋರಿಸಿದಳು. ಇದನ್ನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೇನೆ, ಚಿತ್ರವನ್ನೂ ಬರೆದಿದ್ದೇನೆ, ಅದು ನಿಜವಾಗಿಯೂ ಹೀಗೇ ಇರುತ್ತದೆಂದು ಗೊತ್ತಿರಲಿಲ್ಲ ಎಂದು ನಗುತ್ತ ಹೇಳಿದಳು. ಮೂರನೆಯ ವಯಸ್ಸಿನಲ್ಲಿ ಒಂದು ಸಲ ಬಿಸಿಲು ಬಡಿದು ಸಾಯುವಂತಾದ ಮೇಲೆ, ಈ ಪರೀಕ್ಷೆಗೆ ಮುಂಚೆ ಬೇಸಿಗೆಯಲ್ಲಿ ಅವಳು ಹಗಲು ಹೊತ್ತು ಹೊರಗೆ ಬಂದೇ ಇರಲಿಲ್ಲವಂತೆ. ನಾರಾಯಣಪುರದ ಶಿವಾಲಯದ ಮುಂದೆ ವಕೀಲರು ಗಾಡಿ ನಿಧಾನ ಮಾಡಿದರು. ಹಳೇ ಕಲ್ಲುಗಳು ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿದ್ದವು. ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ಬ್ಯಾಸಗಿ ಮಧ್ಯಾಹ್ನದಾಗ ಇಷ್ಟ್ ಬೆಳಕು ಇರ್ತದೇನಪ್ಪಾ?" ಎಂದಳು.

ವಕೀಲರು ಗಾಡಿ ನಿಲ್ಲಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ನನಗೆ ರಸ್ತೆ ಕಾಣುತ್ತಿಲ್ಲ, ನೀನು ಓಡಿಸು ಎಂದು ಇಳಿದು ಈಚೆಗೆ ಬಂದರು. ನಾನು ಆ ಕಡೆ ಹೋಗಿ ಕೂತು ಬಾಗಿಲು ಹಾಕಿದೆ. ಎಲ್ಲಿಗೆ ಹೋಗೋಣ ಎಂದು ಹಿಂದೆ ತಿರುಗಿ ಅವಳನ್ನೇ ಕೇಳಿದೆ.

"ಇನ್ನೊಂದು ಸುತ್ತು ಹಾಕ್ರಿ," ಎಂದಳು. ನಾನು ಗಾಡಿಯನ್ನು ಬಿಸಿಲಿನ ಕಡೆಗೆ ತಿರುಗಿಸಿದೆ.